ಎಡವುವ ಮುನ್ನ ಕೈಹಿಡಿಯುವವರು

ಊರ ಬಾವಿಗೆ ಬಿದ್ದ ಮಗುವನ್ನು ಧುಮುಕಿ ಮೇಲೆತ್ತಿದವನನ್ನು ಊರೆಲ್ಲ ಕೊಂಡಾಡುತ್ತದೆ. ಅದು ಉಚಿತವೂ ಹೌದು. ಆದರೆ ಅದೇ ಬಾವಿಗೆ ಕಟ್ಟೆ ಕಟ್ಟಿದ ಗಾರೆಯವನನ್ನು ನೆನೆಯುವವರು ಯಾರು? ಆ ಕಟ್ಟೆಯಿರುವುದರಿಂದ ಬೀಳದೆ ಉಳಿದ ಮಕ್ಕಳೆಷ್ಟು ಮಂದಿ ಎಂದು ಲೆಕ್ಕವಿಟ್ಟವರಿಲ್ಲ. ಲೆಕ್ಕವಿಡಲು ಸಾಧ್ಯವೂ ಇಲ್ಲ. ಬಿದ್ದವರು ಎಲ್ಲರ ಕಣ್ಣಿಗೂ ಕಾಣುತ್ತಾರೆ. ಬೀಳದವರು ಯಾರ ಕಣ್ಣಿಗೂ ಕಾಣುವುದಿಲ್ಲ. ಸಮಾಜದಲ್ಲಿ ಹೀಗೆ ಕಟ್ಟೆ ಕಟ್ಟುವುದನ್ನೇ ತಮ್ಮ ವೃತ್ತಿಯನ್ನಾಗಿ ಮಾಡಿಕೊಂಡ ಕೆಲವರಿದ್ದಾರೆ. ತಂಬಾಕು, ಮದ್ಯ ಮತ್ತು ಇತರ ಮಾದಕ ವಸ್ತುಗಳ ಸೆರೆಗೆ ಹದಿಹರೆಯದವರು ಸಿಲುಕದಂತೆ ನೋಡಿಕೊಳ್ಳುವ ಸಮುದಾಯ ಸಂಸ್ಥೆಗಳ ಕಾರ್ಯಕರ್ತರೇ ಅವರು. ಅವರು ಯಾರು, ಅವರು ಮಾಡುವ ಕೆಲಸವೇನು, ಆ ಕೆಲಸ ಏಕೆ ಅಷ್ಟು ಕಠಿಣ ಎಂಬುದನ್ನು ತಿಳಿದುಕೊಳ್ಳುವುದು ನಮಗೆಲ್ಲರಿಗೂ ಅಗತ್ಯವಾಗಿದೆ.

ಮೊದಲು ವ್ಯಸನವೆಂದರೇನೆಂಬುದನ್ನು ನೋಡೋಣ. ಯಾರೂ ವ್ಯಸನಿಯಾಗಬೇಕೆಂದು ಬಯಸಿ ಬೀಡಿಯನ್ನಾಗಲಿ ಮದ್ಯವನ್ನಾಗಲಿ ಮೊದಲ ಬಾರಿಗೆ ಮುಟ್ಟುವುದಿಲ್ಲ. ಕುತೂಹಲಕ್ಕಾಗಿ, ಗೆಳೆಯರ ಒತ್ತಾಯಕ್ಕಾಗಿ, ದೊಡ್ಡವರಂತೆ ಕಾಣಿಸಿಕೊಳ್ಳುವ ಆಸೆಗಾಗಿ ಮುಟ್ಟುತ್ತಾರೆ. ಹೊಗೆಯೊಡನೆ ಒಳಸೇರಿದ ನಿಕೋಟಿನ್ ಎಂಬ ವಸ್ತು ಕೆಲವೇ ಸೆಕೆಂಡುಗಳಲ್ಲಿ ಮಿದುಳನ್ನು ತಲುಪುತ್ತದೆ. ಹಸಿದಾಗ ಊಟ ಮಾಡಿದರೆ, ಆಟದಲ್ಲಿ ಗೆದ್ದರೆ ಮಿದುಳಿನಲ್ಲಿ ಸಂತೋಷವನ್ನುಂಟುಮಾಡುವ ಒಂದು ವ್ಯವಸ್ಥೆಯಿದೆ. ಮಾದಕ ವಸ್ತುಗಳು ಆ ವ್ಯವಸ್ಥೆಯನ್ನೇ ಕೃತಕವಾಗಿ ಕೆರಳಿಸುತ್ತವೆ. ಮತ್ತೆ ಮತ್ತೆ ಹೀಗಾದಂತೆಲ್ಲ ಮೊದಲಿನ ಪ್ರಮಾಣ ಸಾಲದಾಗುತ್ತದೆ. ಬಿಟ್ಟರೆ ನಡುಕ, ಸಿಡುಕು, ನಿದ್ರಾಹೀನತೆ ಮೊದಲಾದ ಬಾಧೆಗಳು ತಲೆದೋರುತ್ತವೆ. ಸುಖಕ್ಕಾಗಿ ಆರಂಭವಾದದ್ದು ಕೊನೆಗೆ ಬಾಧೆಯನ್ನು ತಪ್ಪಿಸಿಕೊಳ್ಳುವುದಕ್ಕಾಗಿ ಮುಂದುವರಿಯುತ್ತದೆ. ಈ ಸ್ಥಿತಿಯನ್ನು ವೈದ್ಯಶಾಸ್ತ್ರವು ರೋಗವೆಂದೇ ಪರಿಗಣಿಸುತ್ತದೆ. ಅದಕ್ಕೆ ಚಿಕಿತ್ಸೆಯುಂಟು, ಆದರೆ ಅದು ದೀರ್ಘವಾದುದು. ಒಮ್ಮೆ ಬಿಟ್ಟವರು ಮತ್ತೆ ಜಾರುವ ಸಂಭವವೂ ಉಂಟು.

ಈ ಅಪಾಯ ಎಲ್ಲ ವಯಸ್ಸಿನವರಿಗೂ ಇದೆಯಾದರೂ ಹದಿಹರೆಯದಲ್ಲಿ ಅದು ಹೆಚ್ಚು. ಮುಂದಾಲೋಚನೆ, ಸಂಯಮ, ತೀರ್ಮಾನ ಇವುಗಳಿಗೆ ಆಧಾರವಾದ ಮಿದುಳಿನ ಮುಂಭಾಗವು ಪೂರ್ಣವಾಗಿ ಬೆಳೆಯುವುದು ಸುಮಾರು 25ನೆಯ ವಯಸ್ಸಿನ ಹೊತ್ತಿಗೆ. ಆದರೆ ಸಂತೋಷವನ್ನೂ ರೋಮಾಂಚನವನ್ನೂ ಬಯಸುವ ಭಾಗಗಳು ಅದಕ್ಕಿಂತ ಬಹಳ ಮೊದಲೇ ಚುರುಕಾಗುತ್ತವೆ. ಎತ್ತು ಓಡಲು ಸಿದ್ಧವಾಗಿದೆ, ಮೂಗುದಾರ ಮಾತ್ರ ಇನ್ನೂ ಬಿಗಿಯಾಗಿಲ್ಲ ಎಂಬಂಥ ಸ್ಥಿತಿಯಿದು. ಎಷ್ಟು ಚಿಕ್ಕ ವಯಸ್ಸಿನಲ್ಲಿ ಅಭ್ಯಾಸ ಆರಂಭವಾಗುತ್ತದೆಯೋ ಮುಂದೆ ವ್ಯಸನಿಯಾಗುವ ಸಂಭವ ಅಷ್ಟು ಹೆಚ್ಚು. 2019ರಲ್ಲಿ ಕೇಂದ್ರ ಸರ್ಕಾರವು ಪ್ರಕಟಿಸಿದ ರಾಷ್ಟ್ರೀಯ ಸಮೀಕ್ಷೆಯ ಒಂದು ಅಂಶ ಇಲ್ಲಿ ಗಮನಾರ್ಹವಾಗಿದೆ. ಮದ್ಯ ಮೊದಲಾದ ಇತರ ವಸ್ತುಗಳ ಬಳಕೆ ವಯಸ್ಕರಲ್ಲಿ ಹೆಚ್ಚು. ಆದರೆ ಅಂಟು, ಬಣ್ಣದ ದ್ರಾವಕ ಮೊದಲಾದವುಗಳ ಆವಿಯನ್ನು ಸೇವಿಸುವ ಚಟ ಮಾತ್ರ ವಯಸ್ಕರಲ್ಲಿ ಶೇಕಡಾ 0.58ರಷ್ಟಿದ್ದರೆ, 10ರಿಂದ 17 ವರ್ಷದ ಮಕ್ಕಳಲ್ಲಿ ಶೇಕಡಾ 1.17ರಷ್ಟಿತ್ತು. ಬೆಲೆ ಕಡಿಮೆಯಾಗಿ, ಸುಲಭವಾಗಿ ದೊರೆಯುವ ವಸ್ತುವೇ ಮಕ್ಕಳ ಪಾಲಿಗೆ ಮೊದಲ ಕಂದಕವಾಗುತ್ತದೆ.

ನಮ್ಮ ಸಂವಿಧಾನದ 47ನೆಯ ಅನುಚ್ಛೇದವು ಆರೋಗ್ಯಕ್ಕೆ ಹಾನಿಕರವಾದ ಮಾದಕ ಪಾನೀಯಗಳ ಮತ್ತು ವಸ್ತುಗಳ ಸೇವನೆಯನ್ನು ತಡೆಯಲು ರಾಜ್ಯವು ಪ್ರಯತ್ನಿಸತಕ್ಕದ್ದೆಂದು ನಿರ್ದೇಶಿಸಿದೆ. ಆದರೆ ಇಂಥ ಕೆಲಸ ಕಾನೂನಿನಿಂದ ಮಾತ್ರ ಆಗತಕ್ಕದ್ದಲ್ಲ. ಮದರಾಸಿನ ಶಾಂತಿ ರಂಗನಾಥನ್ ಅವರ ಬಾಳು ಇದಕ್ಕೆ ನಿದರ್ಶನವಾಗಿದೆ. 1979ರಲ್ಲಿ ಅವರ ಪತಿ ಚಿಕ್ಕ ವಯಸ್ಸಿನಲ್ಲಿಯೇ ಮದ್ಯವ್ಯಸನಕ್ಕೆ ಬಲಿಯಾದರು. ಕುಡಿತವನ್ನು ಕೇವಲ ನಡತೆಗೇಡು ಎಂದು ಭಾವಿಸುತ್ತಿದ್ದ ಕಾಲವದು. ವ್ಯಸನಿಯ ಮನೆಯವರು ನಾಚಿಕೆಯಿಂದ ಬಾಗಿಲು ಮುಚ್ಚಿಕೊಂಡಿರುತ್ತಿದ್ದರು. ಶಾಂತಿಯವರು ಆ ನಾಚಿಕೆಗೆ ಮಣಿಯಲಿಲ್ಲ. ಅಮೆರಿಕಕ್ಕೆ ಹೋಗಿ ತರಬೇತಿ ಪಡೆದು ಬಂದು, 1980ರಲ್ಲಿ ಪತಿಯ ಹೆಸರಿನಲ್ಲಿಯೇ ಒಂದು ಪ್ರತಿಷ್ಠಾನವನ್ನು ಸ್ಥಾಪಿಸಿದರು. ಚಿಕಿತ್ಸೆಯಿಂದ ಆರಂಭವಾದ ಆ ಸಂಸ್ಥೆಯ ಕೆಲಸ ಕ್ರಮೇಣ ಹಳ್ಳಿಗಳ ಶಿಬಿರಗಳಿಗೂ, ಇತರ ಸಂಸ್ಥೆಗಳ ಕಾರ್ಯಕರ್ತರನ್ನು ತರಬೇತುಗೊಳಿಸುವುದಕ್ಕೂ ಹಬ್ಬಿತು. ಅವರಿಗೆ 1992ರಲ್ಲಿ ಪದ್ಮಶ್ರೀ ಪ್ರಶಸ್ತಿ ಸಂದಿತು. 1999ರಲ್ಲಿ ವಿಶ್ವಸಂಸ್ಥೆಯ ವಿಯೆನ್ನಾ ನಾಗರಿಕ ಸಮಾಜ ಪ್ರಶಸ್ತಿಯೂ ದೊರೆಯಿತು. ತನ್ನ ಮನೆಯ ದುಃಖವನ್ನು ನಾಡಿನ ಎಚ್ಚರವನ್ನಾಗಿ ಮಾಡಿದ ಇಂಥವರಿಂದಲೇ ಈ ವೃತ್ತಿಗೆ ನಮ್ಮ ದೇಶದಲ್ಲಿ ಗೌರವ ಬಂದಿತು.

ಆದರೂ ಬಹುಕಾಲ ನಮ್ಮ ಗಮನವೆಲ್ಲ ಬಿದ್ದವರನ್ನು ಎತ್ತುವುದರ ಮೇಲೆಯೇ ಇತ್ತು. ಕೊಳ್ಳೆ ಹೋದ ಮೇಲೆ ಕೋಟೆಯ ಬಾಗಿಲು ಹಾಕಿದರೆ ಪ್ರಯೋಜನವೇನೆಂಬ ಮಾತು ಇಲ್ಲಿಗೂ ಸಲ್ಲುತ್ತದೆ. ಆಸ್ಪತ್ರೆಗೆ ಬಂದ ವ್ಯಸನಿಗಳಲ್ಲಿ ಎಷ್ಟೋ ಮಂದಿ ತಮ್ಮ ಚಟ ಶಾಲೆಯ ದಿನಗಳಲ್ಲಿಯೇ ಆರಂಭವಾಯಿತೆಂದು ಹೇಳತೊಡಗಿದಾಗ, ಕೆಲಸವನ್ನು ಅಲ್ಲಿಂದಲೇ ಆರಂಭಿಸಬೇಕೆಂಬುದು ಸ್ಪಷ್ಟವಾಯಿತು. ಇಂದು ಕೇಂದ್ರದ ಸಾಮಾಜಿಕ ನ್ಯಾಯ ಮತ್ತು ಸಬಲೀಕರಣ ಮಂತ್ರಾಲಯದ ನೆರವಿನಿಂದ ದೇಶದ ನಾನಾ ಕಡೆ ಸ್ವಯಂಸೇವಾ ಸಂಸ್ಥೆಗಳು ಯುವಜನರಿಗಾಗಿ ಮುನ್ನೆಚ್ಚರಿಕೆಯ ಕೇಂದ್ರಗಳನ್ನು ನಡೆಸುತ್ತವೆ. ಹದಿಹರೆಯದವರಿಗೆ ಸಮವಯಸ್ಕರ ಮೂಲಕವೇ ತಿಳಿವಳಿಕೆ ನೀಡುವುದು ಕೆಲವು ಕೇಂದ್ರಗಳ ಕೆಲಸ. ಬೀದಿಗಿಳಿದು ಅಪಾಯದಲ್ಲಿರುವವರನ್ನು ಹುಡುಕಿ ಮಾತನಾಡಿಸುವುದು ಇನ್ನು ಕೆಲವು ಕೇಂದ್ರಗಳ ಕೆಲಸ. 2020ರ ಆಗಸ್ಟ್ 15ರಂದು 272 ಜಿಲ್ಲೆಗಳಲ್ಲಿ ಆರಂಭವಾದ ನಶಾಮುಕ್ತ ಭಾರತ ಅಭಿಯಾನವು ಈ ಪ್ರಯತ್ನಕ್ಕೆ ಇನ್ನಷ್ಟು ವಿಸ್ತಾರವನ್ನು ನೀಡಿತು.

ಇಂಥ ಸಂಸ್ಥೆಯೊಂದನ್ನು ಹೊರಗಿನಿಂದ ನೋಡಿದರೆ ಅದರಲ್ಲಿ ವಿಶೇಷವೇನೂ ಕಾಣುವುದಿಲ್ಲ. ಎರಡು ಮೂರು ಕೋಣೆಗಳು, ಕೆಲವು ಕುರ್ಚಿಗಳು, ಒಂದು ಕೇರಂ ಹಲಗೆ, ಗೋಡೆಯ ಮೇಲೆ ಸುತ್ತಮುತ್ತಲಿನ ಬಡಾವಣೆಗಳ ನಕ್ಷೆ. ಮದ್ದಿನ ವಾಸನೆಯಿಲ್ಲ, ಬಿಳಿಯ ಮೇಲಂಗಿ ತೊಟ್ಟವರಿಲ್ಲ. ಸಂಸ್ಥೆಯ ಬಲವಿರುವುದು ಅದರ ಜನರಲ್ಲಿ. ಕೆಲಸವನ್ನು ಹಂಚಿ ಲೆಕ್ಕಪತ್ರ ನೋಡಿಕೊಳ್ಳುವ ಸಂಯೋಜಕರು, ಊರೊಳಗೆ ತಿರುಗುವ ಕ್ಷೇತ್ರ ಕಾರ್ಯಕರ್ತರು, ಎದುರು ಕುಳಿತು ಮಾತು ಕೇಳುವ ಆಪ್ತ ಸಮಾಲೋಚಕರು, ಸಮವಯಸ್ಕರಿಗೆ ದಾರಿ ತೋರುವ ಯುವ ಸ್ವಯಂಸೇವಕರು, ಅಗತ್ಯವಾದಾಗ ನೆರವಾಗುವ ವೈದ್ಯರು—ಇವರೆಲ್ಲರೂ ಸೇರಿ ಒಂದು ತಂಡವಾಗುತ್ತದೆ. ಇವರಲ್ಲಿ ಮೂವರ ಕೆಲಸವನ್ನು ಸ್ವಲ್ಪ ಹತ್ತಿರದಿಂದ ನೋಡೋಣ.

ಮೊದಲನೆಯವರು ಕ್ಷೇತ್ರ ಕಾರ್ಯಕರ್ತರು. ಇವರ ಕಚೇರಿ ಬೀದಿಯೇ. ಯಾವ ಮೈದಾನ ಸಂಜೆಯ ನಂತರ ಕತ್ತಲಾಗಿರುತ್ತದೆ, ಯಾವ ಪಾಳುಕಟ್ಟಡದ ಹಿಂದೆ ಹುಡುಗರು ಗುಂಪುಗೂಡುತ್ತಾರೆ, ಯಾವ ಗೂಡಂಗಡಿಯಲ್ಲಿ ಮಕ್ಕಳ ಕೈಗೂ ಬೀಡಿ ಸಿಗರೇಟು ಸಿಗುತ್ತವೆ, ಯಾವ ಮಕ್ಕಳು ಶಾಲೆ ಬಿಟ್ಟು ಕೆಲಸಕ್ಕೆ ಹೋಗುತ್ತಿದ್ದಾರೆ ಎಂಬ ವಿವರಗಳೆಲ್ಲ ಇವರ ಟಿಪ್ಪಣಿ ಪುಸ್ತಕದಲ್ಲಿರುತ್ತವೆ. ವೈದ್ಯನು ನಾಡಿ ಹಿಡಿದು ದೇಹದ ಸ್ಥಿತಿಯನ್ನು ಅರಿಯುವಂತೆ ಇವರು ನಡೆದು ನಡೆದು ಊರಿನ ಸ್ಥಿತಿಯನ್ನು ಅರಿಯುತ್ತಾರೆ. ಕತ್ತಲ ಮೈದಾನಕ್ಕೆ ದೀಪ ಹಾಕಿಸಬೇಕೆಂದು ನಗರಸಭೆಗೆ ಅರ್ಜಿ ಬರೆಯುವುದೂ ಇವರ ದೃಷ್ಟಿಯಲ್ಲಿ ವ್ಯಸನ ತಡೆಯುವ ಕೆಲಸವೇ.

ಕಾನೂನು ಇವರ ಬೆನ್ನಿಗಿದೆ. 2003ರ ತಂಬಾಕು ನಿಯಂತ್ರಣ ಕಾಯಿದೆಯು 18 ವರ್ಷ ತುಂಬದವರಿಗೆ ತಂಬಾಕು ಪದಾರ್ಥಗಳನ್ನು ಮಾರುವುದನ್ನೂ, ಶಿಕ್ಷಣ ಸಂಸ್ಥೆಗಳ ಸುತ್ತ 100 ಗಜದೊಳಗೆ ಅವುಗಳ ಮಾರಾಟವನ್ನೂ ನಿಷೇಧಿಸಿತು. ಕರ್ನಾಟಕವು ತಾನು ಮಾಡಿಕೊಂಡ ತಿದ್ದುಪಡಿಯ ಮೂಲಕ ಈ ವಯಸ್ಸಿನ ಮಿತಿಯನ್ನು 21ಕ್ಕೆ ಏರಿಸಿದೆ. 2015ರ ಬಾಲನ್ಯಾಯ ಕಾಯಿದೆಯ ಪ್ರಕಾರ, ವೈದ್ಯರ ಆದೇಶವಿಲ್ಲದೆ ಮಗುವಿಗೆ ಮದ್ಯವನ್ನಾಗಲಿ, ಮಾದಕ ವಸ್ತುವನ್ನಾಗಲಿ, ತಂಬಾಕನ್ನಾಗಲಿ ಕೊಡುವವರಿಗೆ 7 ವರ್ಷಗಳವರೆಗಿನ ಕಠಿಣ ಸಜೆಯನ್ನೂ 1 ಲಕ್ಷ ರೂಪಾಯಿಗಳವರೆಗಿನ ದಂಡವನ್ನೂ ವಿಧಿಸಬಹುದು. ಆದರೆ ಅನುಭವಿಗಳಾದ ಕಾರ್ಯಕರ್ತರು ಕಾನೂನಿನ ದಂಡವನ್ನು ಮೊದಲೇ ಎತ್ತುವುದಿಲ್ಲ. ಗೂಡಂಗಡಿಯ ಮುಂದೆ ನಿಂತು ಅವರು ಹೀಗೆ ಮಾತು ತೆಗೆಯಬಹುದು:

“ಅಣ್ಣಾ, ನಿಮ್ಮ ಮಗ ಎಷ್ಟನೆಯ ತರಗತಿ?”

“ಏಳನೆಯದು, ಅಕ್ಕಾ.”

“ಅವನ ಶಾಲೆಯ ಹತ್ತಿರದ ಅಂಗಡಿಯವನು ಅವನ ಕೈಗೆ ಈ ಪೊಟ್ಟಣ ಕೊಟ್ಟರೆ ನೀವು ಸುಮ್ಮನಿರುತ್ತೀರಾ?”

ಈ ಪ್ರಶ್ನೆಗೆ ಅಂಗಡಿಯವನು ಒಡನೆಯೇ ಉತ್ತರ ಹೇಳಲಾರ. ಆದರೆ ಮಾರನೆಯ ದಿನ ಮಗುವೊಂದು ಚಿಲ್ಲರೆ ಹಿಡಿದು ಬಂದಾಗ ಆ ಪ್ರಶ್ನೆ ಅವನಿಗೆ ನೆನಪಾಗುವ ಸಂಭವವಿದೆ. ದಂಡದ ಭಯ ಅಧಿಕಾರಿ ಎದುರಿಗಿದ್ದಾಗ ಮಾತ್ರ ಕೆಲಸ ಮಾಡುತ್ತದೆ. ಮನಸ್ಸಿಗೆ ತಾಗಿದ ಮಾತು ಅಧಿಕಾರಿ ಇಲ್ಲದಾಗಲೂ ಕೆಲಸ ಮಾಡುತ್ತದೆ. ಮಾತಿಗೆ ಬಗ್ಗದವರಿಗೆ ಕಾನೂನು ಇದ್ದೇ ಇದೆ.

ಎರಡನೆಯವರು ಆಪ್ತ ಸಮಾಲೋಚಕರು. ಇವರು ಉಪದೇಶ ಮಾಡುವವರೆಂದು ಅನೇಕರು ತಪ್ಪಾಗಿ ಭಾವಿಸುತ್ತಾರೆ. ಆದರೆ ಇವರ ಮುಖ್ಯ ವಿದ್ಯೆ ಕೇಳುವುದು. ಒಬ್ಬ ಹುಡುಗನನ್ನು ಊಹಿಸಿಕೊಳ್ಳೋಣ. ಅವನು ಒಂಬತ್ತನೆಯ ತರಗತಿಯವನು. ತಂದೆಯ ಕೆಲಸ ಹೋಗಿ ಕುಟುಂಬ ಹಳ್ಳಿಯಿಂದ ನಗರಕ್ಕೆ ಬಂದಿದೆ. ಹೊಸ ಶಾಲೆಯಲ್ಲಿ ಅವನಿಗೆ ಗೆಳೆಯರಿಲ್ಲ. ಸಂಜೆ ಮನೆಯಲ್ಲಿ ಯಾರೂ ಇರುವುದಿಲ್ಲ. ಬೀದಿಯ ಕೊನೆಯ ಗುಂಪೊಂದು ಅವನನ್ನು ಹೆಸರು ಹಿಡಿದು ಕರೆಯುತ್ತದೆ. ಒಂದು ದಿನ ಅವನ ಕೈಗೆ ಸಿಗರೇಟನ್ನೂ ಕೊಡುತ್ತದೆ. ತರಗತಿಯಲ್ಲಿ ಅವನ ಅಂಕಗಳು ಇಳಿಯುತ್ತವೆ. ಗಮನಿಸಿದ ಉಪಾಧ್ಯಾಯರು ಅವನನ್ನು ಸಮಾಲೋಚಕರ ಬಳಿಗೆ ಕಳುಹಿಸುತ್ತಾರೆ.

“ನಾನು ಅಂಥದ್ದೇನೂ ಮಾಡಿಲ್ಲ, ಮೇಡಂ,” ಎನ್ನುತ್ತಾನೆ ಹುಡುಗ, ಕುಳಿತುಕೊಳ್ಳುವುದಕ್ಕೂ ಮೊದಲೇ.

“ಮಾಡಿದ್ದೀಯೋ ಇಲ್ಲವೋ ಎಂದು ನಾನು ಕೇಳಲೇ ಇಲ್ಲವಲ್ಲಪ್ಪಾ. ಶಾಲೆ ಬಿಟ್ಟ ಮೇಲೆ ನಿನ್ನ ಸಂಜೆ ಹೇಗೆ ಕಳೆಯುತ್ತದೆ? ಅದನ್ನು ಹೇಳು.”

ಆ ಸಂಜೆಯ ಕಥೆಯಲ್ಲಿಯೇ ರೋಗದ ಮೂಲ ಹೊರಬೀಳುತ್ತದೆ. ಅವನಿಗೆ ಬೇಕಾದದ್ದು ಸಿಗರೇಟಲ್ಲ, ತನ್ನನ್ನು ಹೆಸರು ಹಿಡಿದು ಕರೆಯುವ ಒಂದು ಗುಂಪು. ಆದ್ದರಿಂದ ‘ಅದನ್ನು ಬಿಡು’ ಎಂದಷ್ಟೇ ಹೇಳಿದರೆ ಆ ಹುಡುಗನನ್ನು ಮತ್ತೆ ಒಂಟಿಯಾಗಿಸಿದಂತಾಗುತ್ತದೆ. ಬೇರೊಂದು ಗುಂಪನ್ನು ಹುಡುಕಿಕೊಡುವುದು ಸಮಾಲೋಚಕರ ಹೊಣೆ. ಅದು ಕಬಡ್ಡಿಯ ತಂಡವಾಗಿರಬಹುದು, ಡೊಳ್ಳಿನ ಮೇಳವಾಗಿರಬಹುದು, ಬಡಾವಣೆಯ ವಾಚನಾಲಯವಾಗಿರಬಹುದು. ತಂದೆತಾಯಿಗಳನ್ನು ಕರೆಸಿ ಮಾತನಾಡುವುದೂ ಇವರ ಕೆಲಸವೇ. ಕೋಪದಿಂದ ಹೊಡೆದರೆ ಮಗನು ಸುಳ್ಳು ಹೇಳಲು ಕಲಿಯುತ್ತಾನೆಯೇ ಹೊರತು ಚಟ ಬಿಡಲು ಕಲಿಯುವುದಿಲ್ಲವೆಂಬುದನ್ನು ಅವರಿಗೆ ತಾಳ್ಮೆಯಿಂದ ತಿಳಿಸಬೇಕಾಗುತ್ತದೆ. ಹುಡುಗನು ಹೇಳಿದ ಗುಟ್ಟನ್ನು ಸಮಾಲೋಚಕರು ಊರಿಗೆ ಹರಡುವುದಿಲ್ಲ. ಪ್ರಾಣಕ್ಕೆ ಅಪಾಯವಿದೆಯೆಂದು ಕಂಡಾಗ ಮಾತ್ರ, ಅವನಿಗೆ ತಿಳಿಸಿಯೇ, ಸಂಬಂಧಪಟ್ಟವರ ನೆರವನ್ನು ಕೋರುತ್ತಾರೆ. ಆ ನಂಬಿಕೆ ಒಮ್ಮೆ ಮುರಿದರೆ ಅವನೊಬ್ಬನೇ ಅಲ್ಲ, ಅವನ ಗೆಳೆಯರೂ ಆ ಬಾಗಿಲಿಗೆ ಮತ್ತೆ ಬರುವುದಿಲ್ಲ.

ಕೆಲವೊಮ್ಮೆ ವಿಷಯ ಮುನ್ನೆಚ್ಚರಿಕೆಯ ಹಂತವನ್ನು ದಾಟಿರುತ್ತದೆ. ಆಗ ಸಮಾಲೋಚಕರು ತಮ್ಮ ಮಿತಿಯನ್ನು ಅರಿತು ವೈದ್ಯರ ಬಳಿಗೆ ಕಳುಹಿಸುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿದೆ. ತನ್ನಿಂದಾಗದ ಕೆಲಸವನ್ನು ಬಲ್ಲವರಿಗೆ ಒಪ್ಪಿಸುವುದು ಈ ವೃತ್ತಿಯ ಪ್ರಾಮಾಣಿಕತೆಯ ಲಕ್ಷಣ.

ಮೂರನೆಯವರು ಯುವ ಸ್ವಯಂಸೇವಕರು. ಇವರನ್ನು ಸಮವಯಸ್ಕ ಮಾರ್ಗದರ್ಶಿಗಳೆಂದು ಕರೆಯಬಹುದು. ಇವರು ಅದೇ ಬಡಾವಣೆಯ, ಅದೇ ವಯಸ್ಸಿನ ಹುಡುಗ ಹುಡುಗಿಯರು. ಸಂಸ್ಥೆಯು ಇವರಿಗೆ ತರಬೇತಿ ಕೊಟ್ಟಿರುತ್ತದೆ. ಹಿರಿಯರ ಮಾತಿಗೆ ತಲೆಯಾಡಿಸುವ ಹುಡುಗರು ಓರಗೆಯವರ ಮಾತಿಗೆ ಕಿವಿಗೊಡುತ್ತಾರೆಂಬುದು ಎಲ್ಲರೂ ಬಲ್ಲ ಸಂಗತಿ. ಚಟಕ್ಕೆ ಎಳೆಯುವುದೂ ಗೆಳೆತನವೇ. ಅದರಿಂದ ಕಾಯುವುದಕ್ಕೂ ಗೆಳೆತನವೇ ತಕ್ಕ ಸಾಧನ.

ಇವರು ಮೊದಲು ಒಂದು ಲೆಕ್ಕದಿಂದ ಆರಂಭಿಸುತ್ತಾರೆ. “ಎಲ್ಲರೂ ಮಾಡುತ್ತಾರೆ, ನಾನೊಬ್ಬ ಮಾಡದಿದ್ದರೆ ಹೇಗೆ?” ಎಂಬುದು ಹದಿಹರೆಯದವರು ಸಾಮಾನ್ಯವಾಗಿ ಆಡುವ ಮಾತು. ಆದರೆ ವಾಸ್ತವವೇನು? 2019ರಲ್ಲಿ ನಮ್ಮ ದೇಶದಲ್ಲಿ ನಡೆದ ಯುವಜನರ ತಂಬಾಕು ಸಮೀಕ್ಷೆಯ ಪ್ರಕಾರ 13ರಿಂದ 15 ವರ್ಷದ ವಿದ್ಯಾರ್ಥಿಗಳಲ್ಲಿ ಯಾವುದಾದರೊಂದು ರೂಪದಲ್ಲಿ ತಂಬಾಕನ್ನು ಬಳಸುತ್ತಿದ್ದವರು ಶೇಕಡಾ 8.5ರಷ್ಟು. ಎಂದರೆ ನೂರು ಮಂದಿಯಲ್ಲಿ 91ಕ್ಕೂ ಹೆಚ್ಚು ಮಂದಿ ಅದನ್ನು ಬಳಸುತ್ತಿರಲಿಲ್ಲ. ‘ಎಲ್ಲರೂ’ ಎಂಬ ಆ ಮಾತು ಲೆಕ್ಕದ ಮುಂದೆ ನಿಲ್ಲುವುದಿಲ್ಲ. ಹೊಗೆ ಬಿಡುವವನು ನಾಲ್ಕು ಜನರ ಕಣ್ಣಿಗೆ ಬೀಳುತ್ತಾನೆ. ಸುಮ್ಮನೆ ಮನೆಗೆ ನಡೆದು ಹೋಗುವ ಹತ್ತು ಮಂದಿ ಯಾರ ಕಣ್ಣಿಗೂ ಬೀಳುವುದಿಲ್ಲ. ಆದ್ದರಿಂದಲೇ ಅಲ್ಪಸಂಖ್ಯೆ ಬಹುಸಂಖ್ಯೆಯಂತೆ ತೋರುತ್ತದೆ. ಈ ಲೆಕ್ಕವನ್ನು ಓರಗೆಯವರ ಬಾಯಿಂದ ಕೇಳಿದಾಗ ಹುಡುಗರ ಮನಸ್ಸಿನ ಭಾರ ಎಷ್ಟೋ ಇಳಿಯುತ್ತದೆ.

ಎರಡನೆಯದಾಗಿ, ‘ಬೇಡ’ ಎನ್ನುವುದನ್ನು ಇವರು ಅಭ್ಯಾಸ ಮಾಡಿಸುತ್ತಾರೆ. ಇದು ಹಾಸ್ಯಾಸ್ಪದವೆಂದು ತೋರಬಹುದು. ಬೇಡವೆನ್ನಲು ಅಭ್ಯಾಸ ಏಕೆ? ಆದರೆ ನಾಲ್ಕು ಜನ ಗೆಳೆಯರು ಸುತ್ತ ನಿಂತು, “ಒಂದೇ ಒಂದು ಸಲ ಕಣೋ, ಹೆದರುಪುಕ್ಕಲ!” ಎಂದು ನಗುತ್ತಿರುವಾಗ ಆ ಎರಡಕ್ಷರವನ್ನು ಉಚ್ಚರಿಸುವುದು ಸುಲಭವಲ್ಲ. ಆದ್ದರಿಂದ ಒಬ್ಬರು ಒತ್ತಾಯಿಸುವವರಾಗಿ, ಇನ್ನೊಬ್ಬರು ನಿರಾಕರಿಸುವವರಾಗಿ ಕಿರುನಾಟಕದಂತೆ ಅಭಿನಯಿಸುತ್ತಾರೆ. “ಬೇಡ ಕಣೋ, ನನಗೆ ಆಟಕ್ಕೆ ಹೊತ್ತಾಯಿತು,” ಎಂದು ನಡೆದುಬಿಡುವುದು ಒಂದು ಬಗೆ. ಮಾತನ್ನು ಬೇರೆಡೆಗೆ ತಿರುಗಿಸುವುದು ಇನ್ನೊಂದು ಬಗೆ. ಜಗಳವಾಡದೆ, ಗೆಳೆತನ ಮುರಿಯದೆ, ತನ್ನ ನಿಲುವನ್ನೂ ಬಿಡದೆ ಪಾರಾಗುವುದನ್ನು ಹತ್ತಾರು ಬಾರಿ ಆಡಿ ನೋಡಿದವನಿಗೆ ನಿಜವಾದ ಸಂದರ್ಭ ಬಂದಾಗ ನಾಲಗೆ ತೊಡರುವುದಿಲ್ಲ. ಈಜನ್ನು ಕಲಿಯುವುದು ಹೊಳೆಗೆ ಬೀಳುವ ಮೊದಲು ತಾನೆ?

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಇಷ್ಟೆಲ್ಲ ಶ್ರಮವೇಕೆ? ಮಾದಕ ವಸ್ತುಗಳ ಭಯಂಕರ ಚಿತ್ರಗಳನ್ನು ತೋರಿಸಿ ಮಕ್ಕಳನ್ನು ಹೆದರಿಸಿದರೆ ಸಾಲದೆ? ಹಿಂದೆ ಅನೇಕರು ಹೀಗೆಯೇ ನಂಬಿದ್ದರು. 1983ರಲ್ಲಿ ಅಮೆರಿಕದ ಲಾಸ್ ಏಂಜಲಿಸ್ ನಗರದಲ್ಲಿ ಪೊಲೀಸ್ ಅಧಿಕಾರಿಗಳು ಶಾಲೆಗಳಿಗೆ ಹೋಗಿ ಮಾದಕ ವಸ್ತುಗಳ ವಿರುದ್ಧ ಪಾಠ ಹೇಳುವ ಯೋಜನೆಯೊಂದು ಆರಂಭವಾಗಿ ಆ ದೇಶದಲ್ಲೆಲ್ಲ ಹರಡಿತು. ಉದ್ದೇಶ ಒಳ್ಳೆಯದೇ ಆಗಿತ್ತು, ಪೋಷಕರೂ ಮೆಚ್ಚಿಕೊಂಡರು. ಆದರೆ ಮುಂದೆ ಸಂಶೋಧಕರು ಪಾಠ ಕೇಳಿದ ಮಕ್ಕಳನ್ನೂ ಕೇಳದ ಮಕ್ಕಳನ್ನೂ ಹೋಲಿಸಿ ನೋಡಿದಾಗ ಇಬ್ಬರ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ವಿಶ್ವಸಂಸ್ಥೆಯ ಮಾದಕ ವಸ್ತು ಮತ್ತು ಅಪರಾಧ ಕಚೇರಿಯು 2013ರಲ್ಲಿ ಪ್ರಕಟಿಸಿ, ವಿಶ್ವ ಆರೋಗ್ಯ ಸಂಸ್ಥೆಯೊಡನೆ 2018ರಲ್ಲಿ ಪರಿಷ್ಕರಿಸಿದ ಮಾರ್ಗಸೂತ್ರಗಳೂ ಈ ಮಾತನ್ನು ಸಮರ್ಥಿಸುತ್ತವೆ. ಬರಿಯ ಮಾಹಿತಿ, ಬರಿಯ ಹೆದರಿಕೆ, ಹಿಂದಿನ ವ್ಯಸನಿಗಳ ಆತ್ಮಕಥನಗಳ ಭಾಷಣ ಇವುಗಳಿಂದ ಮಕ್ಕಳ ನಡವಳಿಕೆ ಬದಲಾಗುವುದಿಲ್ಲವೆಂದು ಅವು ತಿಳಿಸುತ್ತವೆ. ಹೆದರಿಸಿದವರ ಮಾತಿನಲ್ಲಿ ಒಂದು ಸುಳ್ಳು ಕಂಡರೂ ಸಾಕು, ಮಕ್ಕಳು ಉಳಿದ ನಿಜವನ್ನೂ ನಂಬುವುದಿಲ್ಲ. ಒಂದು ದಿನದ ಭಾಷಣವನ್ನು ಏರ್ಪಡಿಸುವುದು ಸುಲಭ. ವರ್ಷವಿಡೀ ಜೊತೆಯಲ್ಲಿರುವುದು ಕಷ್ಟ. ಫಲ ದೊರೆಯುವುದು ಕಷ್ಟದ ದಾರಿಯಲ್ಲಿ.

ಆ ದಾರಿಯಲ್ಲಿ ಊರಿಗೆ ಊರೇ ನಡೆದರೆ ಏನಾಗಬಹುದೆಂಬುದಕ್ಕೆ ಐಸ್‌ಲೆಂಡ್ ಒಂದು ಉದಾಹರಣೆ. ಅಟ್ಲಾಂಟಿಕ್ ಸಾಗರದ ಉತ್ತರದಲ್ಲಿರುವ ಈ ದ್ವೀಪರಾಷ್ಟ್ರದ ಜನಸಂಖ್ಯೆ ಸುಮಾರು 4 ಲಕ್ಷ. 1998ರಲ್ಲಿ ಅಲ್ಲಿನ 15-16 ವರ್ಷದ ಮಕ್ಕಳಲ್ಲಿ ಶೇಕಡಾ 42ರಷ್ಟು ಮಂದಿ ಹಿಂದಿನ ಒಂದು ತಿಂಗಳಿನಲ್ಲಿ ಕುಡಿದು ಮತ್ತರಾಗಿದ್ದುದಾಗಿ ಒಪ್ಪಿಕೊಂಡಿದ್ದರು. ಆ ದೇಶದ ಜನ ಕೈಕಟ್ಟಿ ಕುಳಿತುಕೊಳ್ಳಲಿಲ್ಲ. ಶಾಲೆಗಳಲ್ಲಿ ಮಕ್ಕಳ ಸ್ಥಿತಿಗತಿಯ ಸಮೀಕ್ಷೆಯನ್ನು ನಿಯತವಾಗಿ ನಡೆಸಿ, ಅದರ ಫಲಿತಾಂಶವನ್ನು ಆಯಾ ಊರಿನವರಿಗೇ ಒಪ್ಪಿಸಿದರು. ಹದಿಹರೆಯದ ಮಕ್ಕಳು ರಾತ್ರಿ ಹೊತ್ತುಮೀರಿ ಹೊರಗಿರಬಾರದೆಂಬ ನಿಯಮವನ್ನು ಜಾರಿಯಲ್ಲಿಟ್ಟರು. ತಂದೆತಾಯಿಗಳು ಸರದಿಯ ಮೇಲೆ ಗುಂಪಾಗಿ ಸಂಜೆ ಬೀದಿಗಳಲ್ಲಿ ಸುತ್ತಾಡಿ ಮಕ್ಕಳನ್ನು ಮನೆಗೆ ಕಳುಹಿಸಿದರು. ಎಲ್ಲಕ್ಕಿಂತ ಮುಖ್ಯವಾಗಿ, ಆಟ, ಸಂಗೀತ, ನೃತ್ಯ, ಚಿತ್ರಕಲೆಗಳ ತರಬೇತಿಗೆ ಸರ್ಕಾರವೂ ನಗರಸಭೆಗಳೂ ಹಣ ಒದಗಿಸಿದವು. ಖಾಲಿಯಿದ್ದ ಸಂಜೆಗಳು ತುಂಬಿದವು. 2016ರ ಹೊತ್ತಿಗೆ ಆ ಶೇಕಡಾ 42 ಎಂಬುದು ಶೇಕಡಾ 5ಕ್ಕೆ ಇಳಿಯಿತು. ದಿನವೂ ಧೂಮಪಾನ ಮಾಡುವವರು ಶೇಕಡಾ 23ರಿಂದ ಶೇಕಡಾ 3ಕ್ಕೆ ಇಳಿದರು. ಆ ವರ್ಷಗಳಲ್ಲಿ ಯೂರೋಪಿನ ಇತರ ದೇಶಗಳಲ್ಲಿಯೂ ಇಂಥ ಚಟಗಳು ಸ್ವಲ್ಪಮಟ್ಟಿಗೆ ಇಳಿದದ್ದುಂಟು. ಆದರೂ ಐಸ್‌ಲೆಂಡಿನ ಇಳಿಕೆ ಎದ್ದು ಕಾಣುವಂಥದು. ಅಲ್ಲಿ ತರಬೇತುದಾರ, ಉಪಾಧ್ಯಾಯ, ತಾಯಿ, ನೆರೆಯವರು ಎಲ್ಲರೂ ಮುನ್ನೆಚ್ಚರಿಕೆಯ ಕಾರ್ಯಕರ್ತರೇ ಆಗಿದ್ದರು.

ದೂರದ ದ್ವೀಪದ ಉಪಾಯವೆಲ್ಲವೂ ನಮ್ಮ ನೆಲಕ್ಕೆ ಹಾಗೆ ಹಾಗೆಯೇ ಒಗ್ಗಬೇಕೆಂದೇನೂ ಇಲ್ಲ. ಆದರೆ ಊರಿಗೆ ಊರೇ ಸೇರಿ ಕೆಲಸ ಮಾಡುವುದು ನಮಗೆ ಹೊಸದಲ್ಲ. ಶ್ರೀಕ್ಷೇತ್ರ ಧರ್ಮಸ್ಥಳದ ಪ್ರೇರಣೆಯಿಂದ ಕರ್ನಾಟಕದ ಹಳ್ಳಿಗಳಲ್ಲಿ ನಡೆಯುವ ಮದ್ಯವರ್ಜನ ಶಿಬಿರಗಳನ್ನು ಇಲ್ಲಿ ನೆನೆಯಬಹುದು. ಈ ಶಿಬಿರಗಳು ಊರ ನಡುವೆಯೇ ನಡೆಯುತ್ತವೆ. ಊರಿನವರೇ ಸೇರಿ ಅವುಗಳ ಹೊಣೆಯನ್ನು ಹೊರುತ್ತಾರೆ. ಮದ್ಯವನ್ನು ತ್ಯಜಿಸಿದವರು ನವಜೀವನ ಸಮಿತಿಗಳಲ್ಲಿ ಒಂದುಗೂಡಿ ಪರಸ್ಪರ ಬೆಂಬಲವಾಗಿ ನಿಲ್ಲುತ್ತಾರೆ. ಈ ಶಿಬಿರಗಳು ವಯಸ್ಕರಿಗಾಗಿ ನಡೆದರೂ ಅವುಗಳ ಫಲ ಮಕ್ಕಳಿಗೂ ಮುಟ್ಟುತ್ತದೆ. ತಂದೆಯು ಕುಡಿತವನ್ನು ಬಿಟ್ಟ ಮನೆಯಲ್ಲಿ ಮಗನಿಗೆ ಬೇರೆ ಪಾಠ ಬೇಕಾಗಿಲ್ಲ.

ಹೀಗೆ ವಿವರಿಸಿದಾಗ ಈ ಕೆಲಸ ಸುಗಮವೆಂದು ತೋರಬಹುದು. ನಿಜದಲ್ಲಿ ಅದು ಹಾಗಿಲ್ಲ. ಅನುದಾನವನ್ನು ನಂಬಿ ನಡೆಯುವ ಸಂಸ್ಥೆಗಳಲ್ಲಿ ಸಂಬಳ ಅಲ್ಪ. ಕೇರಿಗೆ ಹೋದರೆ “ನಮ್ಮ ಮಕ್ಕಳು ಅಂಥವರಲ್ಲ,” ಎಂದು ಬಾಗಿಲು ಮುಚ್ಚುವವರಿದ್ದಾರೆ. ಮಾದಕ ವಸ್ತುಗಳನ್ನು ಕದ್ದು ಮಾರುವವರ ದ್ವೇಷವನ್ನು ಕಟ್ಟಿಕೊಳ್ಳಬೇಕಾಗಬಹುದು. ಆರು ತಿಂಗಳು ಜೊತೆಗಿದ್ದು ಆದರಿಸಿದ ಹುಡುಗನೊಬ್ಬ ಏಳನೆಯ ತಿಂಗಳು ಹಳೆಯ ಗುಂಪಿನಲ್ಲಿಯೇ ಕಾಣಿಸಿಕೊಳ್ಳಬಹುದು. ಆಗ ಅವನನ್ನು ಬೈಯದೆ, ತಾನೂ ಕುಗ್ಗದೆ, ಮತ್ತೆ ಮೊದಲಿನಿಂದ ಆರಂಭಿಸುವುದಕ್ಕೆ ಅಸಾಧಾರಣವಾದ ತಾಳ್ಮೆ ಬೇಕು. ಎಲ್ಲಕ್ಕಿಂತ ದೊಡ್ಡ ಕಷ್ಟವೆಂದರೆ ಗೆಲುವು ಕಣ್ಣಿಗೆ ಕಾಣದಿರುವುದು. ಶಸ್ತ್ರವೈದ್ಯನಿಗೆ ತಾನು ಉಳಿಸಿದ ರೋಗಿಯ ಮುಖ ಗೊತ್ತು. ಉಪಾಧ್ಯಾಯನಿಗೆ ತನ್ನ ಶಿಷ್ಯನ ಅಂಕಪಟ್ಟಿ ಸಿಗುತ್ತದೆ. ಮುನ್ನೆಚ್ಚರಿಕೆಯ ಕಾರ್ಯಕರ್ತರಿಗೆ ಎರಡೂ ಇಲ್ಲ. ಚಟಕ್ಕೆ ಬೀಳದೆ ಬೆಳೆದ ತರುಣನೊಬ್ಬ ತಾನು ಬೀಳಬಹುದಾಗಿತ್ತೆಂಬುದನ್ನೇ ಅರಿಯನು. ಅವನು ಬಂದು ಕೃತಜ್ಞತೆ ಹೇಳುವುದಾದರೂ ಹೇಗೆ? ಯಾರೂ ಬಂದು ವಂದಿಸದ ಕೆಲಸವನ್ನು ಪ್ರತಿದಿನವೂ ಮಾಡುವುದರಲ್ಲಿಯೇ ಇವರ ದೊಡ್ಡತನವಿದೆ.

ಈ ಕೆಲಸದಲ್ಲಿ ವಿದ್ಯಾರ್ಥಿಗಳಿಗೂ ಪಾಲಿದೆ. ಹೊಸದಾಗಿ ಶಾಲೆಗೆ ಸೇರಿ ಮೂಲೆಯಲ್ಲಿ ಒಂಟಿಯಾಗಿ ಕುಳಿತ ಸಹಪಾಠಿಯನ್ನು ಆಟಕ್ಕೆ ಕರೆಯುವುದು ಚಿಕ್ಕ ಸಂಗತಿಯೆಂದು ತೋರುತ್ತದೆ. ಆದರೆ ನಾವು ಕರೆಯದಿದ್ದರೆ ಅವನನ್ನು ಬೇರೆ ಯಾರೋ ಕರೆಯುತ್ತಾರೆಂಬುದನ್ನು ಮರೆಯಬಾರದು. ಗೆಳೆಯನೊಬ್ಬ ಚಟದತ್ತ ವಾಲುತ್ತಿರುವುದು ತಿಳಿದಾಗ ಅದನ್ನು ಮುಚ್ಚಿಡುವುದು ಗೆಳೆತನವಲ್ಲ. ನಂಬಿಕೆಗೆ ಪಾತ್ರರಾದ ಉಪಾಧ್ಯಾಯರಿಗೋ ಹಿರಿಯರಿಗೋ ತಿಳಿಸುವುದು ಚಾಡಿಯೂ ಅಲ್ಲ. ಮನೆಯಲ್ಲಿ ಹೇಳಿಕೊಳ್ಳಲಾಗದವರಿಗೆ 14446 ಎಂಬ ರಾಷ್ಟ್ರೀಯ ವ್ಯಸನಮುಕ್ತಿ ಸಹಾಯವಾಣಿಯೂ 1098 ಎಂಬ ಮಕ್ಕಳ ಸಹಾಯವಾಣಿಯೂ ಇವೆ. ಈ ಎರಡು ಸಂಖ್ಯೆಗಳಿಗೂ ಹಣ ತೆರದೆ ದೂರವಾಣಿಯಲ್ಲಿ ಕರೆಮಾಡಬಹುದು. ಅತ್ತ ಕಡೆಯಿಂದ ಮಾತನಾಡುವವರೂ ಇಲ್ಲಿ ಹೇಳಿದ ಕಾರ್ಯಕರ್ತರ ಬಳಗಕ್ಕೆ ಸೇರಿದವರೇ.

ಬಾವಿಯ ಕಟ್ಟೆಯನ್ನು ಒಬ್ಬನೇ ಕಟ್ಟಲಾರ. ಕಲ್ಲು ತರುವವರು, ಗಾರೆ ಕಲಸುವವರು, ನೀರು ಹೊಯ್ಯುವವರು ಬೇಕು. ಕ್ಷೇತ್ರ ಕಾರ್ಯಕರ್ತನು ಒಂದು ಕಲ್ಲನ್ನು ಇಟ್ಟಿದ್ದಾನೆ. ಸಮಾಲೋಚಕಿಯು ಇನ್ನೊಂದನ್ನು ಇಟ್ಟಿದ್ದಾಳೆ. ಸಮವಯಸ್ಕ ಸ್ವಯಂಸೇವಕನು ಮತ್ತೊಂದನ್ನು ಇಟ್ಟಿದ್ದಾನೆ. ಒಂಟಿಯಾಗಿರುವ ಗೆಳೆಯನನ್ನು ಹೆಸರು ಹಿಡಿದು ಕರೆಯುವ ಪ್ರತಿಯೊಬ್ಬ ವಿದ್ಯಾರ್ಥಿಯೂ ಅದರ ಮೇಲೆ ಒಂದು ಕಲ್ಲನ್ನು ಇಟ್ಟಂತೆಯೇ ಸರಿ.